ಅರ್ಧ ಗಂಟೆಗೊಂದು ಲೆಕ್ಕ

ದಾವಣಗೆರೆಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ದಿನಗಳಲ್ಲಿ ಅಕ್ಕಿ ಗಿರಣಿಗಳ ಆಡಿಟ್‌ಗೆ ಹೋದರೆ ನಮ್ಮ ಸೀನಿಯರ್ ಮೊದಲು ಕೇಳುತ್ತಿದ್ದದ್ದು ಕ್ಯಾಶ್ ಬುಕ್ ಅಲ್ಲ, ಕರೆಂಟ್ ಬಿಲ್ಲಿನ ಫೈಲು. ಹನ್ನೆರಡು ತಿಂಗಳ ಯೂನಿಟ್ಟುಗಳನ್ನು ಒಂದು ಹಾಳೆಯ ಎಡಕ್ಕೆ, ಗಿರಣಿಯವರು ತೋರಿಸಿದ ಅಕ್ಕಿಯ ಕ್ವಿಂಟಾಲುಗಳನ್ನು ಬಲಕ್ಕೆ ಬರೆಯುವುದು ನನ್ನ ಕೆಲಸ. ಭತ್ತ ಬಿಡಿಸಲು ಕರೆಂಟು ಬೇಕೇ ಬೇಕು. ಹಾಗಾಗಿ ಎಡಗಡೆಯ ಅಂಕಿ ಏರಿ ಬಲಗಡೆಯದು ಏರದಿದ್ದರೆ ಮಾಲೀಕರನ್ನು ಕರೆದು ಕೂರಿಸಿ ಮಾತಾಡಬೇಕು. ಕೆಲವೊಮ್ಮೆ ಅವರ ಉತ್ತರ ಸರಿಯಾಗಿಯೇ ಇರುತ್ತಿತ್ತು: ಹಳೆಯ ಮೋಟರು, ಬೆಲ್ಟು ಜಾರುತ್ತಿತ್ತು, ಹಸಿ ಭತ್ತ ಬಂದಿತ್ತು. ಕೆಲವೊಮ್ಮೆ ಉತ್ತರದ ಬದಲು ಕಾಫಿ ಬರುತ್ತಿತ್ತು.

ನಮ್ಮ ಊರಿನ ಈ ಉಪಾಯವನ್ನು ಸರ್ಕಾರದ ಅಬಕಾರಿ ಸುಂಕದವರೂ ಬಲ್ಲರು. ಉಕ್ಕಿನ ಗಟ್ಟಿ ತಯಾರಿಸುವ ಕಾರ್ಖಾನೆಗಳ ಮೇಲೆ, ನೀವು ಸುಟ್ಟ ಕರೆಂಟಿಗೆ ಇಷ್ಟು ಟನ್ನು ಬರಬೇಕಿತ್ತು, ತೋರಿಸಿದ್ದು ಕಡಿಮೆ, ಉಳಿದದ್ದಕ್ಕೂ ಸುಂಕ ಕಟ್ಟಿ ಎಂದು ನೋಟಿಸು ಹೊರಡಿಸಿದ್ದುಂಟು. ಆರ್.ಎ. ಕಾಸ್ಟಿಂಗ್ಸ್ ಎಂಬ ಪ್ರಕರಣದಲ್ಲಿ ನ್ಯಾಯಮಂಡಳಿ, ಆಮೇಲೆ ಅಲಹಾಬಾದ್ ಹೈಕೋರ್ಟು, ಬರೀ ವಿದ್ಯುತ್ ಬಳಕೆಯನ್ನು ನೋಡಿ ಕಳ್ಳ ಮಾರಾಟ ನಡೆದಿದೆ ಎಂದು ತೀರ್ಮಾನಿಸಲಾಗದು ಎಂದವು. ಲೆಕ್ಕಿಗರು ನೆನಪಿಟ್ಟುಕೊಳ್ಳಬೇಕಾದ ತೀರ್ಪು ಅದು. ಕರೆಂಟಿನ ಲೆಕ್ಕದಿಂದ ಊಹೆ ಹುಟ್ಟುತ್ತದೆ. ಆ ಊಹೆ ಬಲವಾಗಿರುತ್ತದೆ, ಕೆಲವೊಮ್ಮೆ ಬಲವಾಗಿ ತಪ್ಪಾಗಿಯೂ ಇರುತ್ತದೆ.

ತಿಂಗಳಿಗೆ ಒಂದು ಅಂಕಿಯಿಂದಲೇ ಇಷ್ಟು ಸಾಧ್ಯ. ಈಗ ನಾನು ಇರುವ ಮಲೇಷ್ಯಾದಲ್ಲಿ ಮನೆಮನೆಯ ಮೀಟರು ಅರ್ಧ ಗಂಟೆಗೊಂದು ಅಂಕಿಯನ್ನು ಬರೆದುಕೊಳ್ಳುತ್ತದೆ. ದಿನಕ್ಕೆ 48, ಮೂವತ್ತು ದಿನದ ತಿಂಗಳಿಗೆ 1,440, ವರ್ಷಕ್ಕೆ 17,520. ಪರ್ಯಾಯದ್ವೀಪದ ವಿದ್ಯುತ್ ಪೂರೈಕೆ ಮಾಡುವ ತೆನಾಗಾ ನ್ಯಾಶನಲ್ ಕಂಪನಿ, ಇಲ್ಲಿ ಎಲ್ಲರೂ ಟಿಎನ್‌ಬಿ ಎನ್ನುವುದು, ಮಲಾಕ್ಕಾ ಮತ್ತು ಪುತ್ರಜಯಾದಲ್ಲಿ ಪ್ರಯೋಗ ಮಾಡಿ, ಆಮೇಲೆ ಮಲಾಕ್ಕಾ ರಾಜ್ಯಕ್ಕೆ, ಅಲ್ಲಿಂದ ಕೌಲಾಲಂಪುರ ಸುತ್ತಲಿನ ಕ್ಲಾಂಗ್ ಕಣಿವೆಗೆ ಸ್ಮಾರ್ಟ್ ಮೀಟರುಗಳನ್ನು ವಿಸ್ತರಿಸಿತು. ಒಟ್ಟು ಗುರಿ ಸುಮಾರು 90 ಲಕ್ಷ ಮೀಟರು. ಕ್ಯಾಲ್ಕುಲೇಟರ್ ಒತ್ತುವುದು ನನ್ನ ಅಭ್ಯಾಸ, ಕ್ಷಮಿಸಿ: ಎಲ್ಲ ಕೂಡಿಸಿದ ಮೇಲೆ ವರ್ಷಕ್ಕೆ 15,768 ಕೋಟಿ ಅಂಕಿಗಳು. ಯಾವ ಆಡಿಟರನೂ ತನ್ನ ಜೀವಮಾನದಲ್ಲಿ ಇಷ್ಟು ವೋಚರು ನೋಡಿರಲಾರ.

ಈ ಮೀಟರಿನ ವಿರುದ್ಧ ಭಾಷಣ ಮಾಡುವ ಉದ್ದೇಶ ನನಗಿಲ್ಲ. ಅದರ ಉಪಯೋಗ ಕಣ್ಣಾರೆ ಕಂಡಿದ್ದೇನೆ. 2020ರ ಮಾರ್ಚ್ 18ರಂದು ಇಲ್ಲಿ ಓಡಾಟದ ನಿರ್ಬಂಧ ಶುರುವಾದಾಗ ಮೀಟರ್ ರೀಡರುಗಳು ಮನೆಗಳಿಗೆ ಬರುವುದು ನಿಂತಿತು. ಹಳೆಯ ಮೀಟರಿನವರಿಗೆ ಅಂದಾಜಿನ ಬಿಲ್ಲು ಬಂತು. ನಿರ್ಬಂಧ ಸಡಿಲವಾಗಿ ನಿಜವಾದ ರೀಡಿಂಗ್ ತೆಗೆದ ಮೇಲೆ ಹಲವು ತಿಂಗಳ ವ್ಯತ್ಯಾಸ ಒಂದೇ ಬಿಲ್ಲಿನಲ್ಲಿ ಬಂದು ದೇಶದಲ್ಲೆಲ್ಲ ಗಲಾಟೆಯಾಯಿತು, ಸರ್ಕಾರ ರಿಯಾಯಿತಿ ಕೊಡಬೇಕಾಯಿತು. ಸ್ಮಾರ್ಟ್ ಮೀಟರು ಇದ್ದವರಿಗೆ ಈ ಅಂದಾಜಿನ ಕಾಟ ಇರಲಿಲ್ಲ. ಅಂದಾಜಿಗಿಂತ ನಿಜ ಮೇಲು ಎನ್ನುವುದು ನನ್ನ ಕಸುಬಿನ ನಂಬಿಕೆ. 2025ರ ಜುಲೈ 1ರಿಂದ ಬಂದ ಹೊಸ ದರಪಟ್ಟಿಯಲ್ಲಿ ಮನೆಬಳಕೆಯವರೂ ಹೊತ್ತಿಗೊಂದು ದರದ ಯೋಜನೆಯನ್ನು ಆರಿಸಿಕೊಳ್ಳಬಹುದು. ವಾರದ ದಿನಗಳಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ದುಬಾರಿ, ಉಳಿದ ಹೊತ್ತು ಅಗ್ಗ. ಸ್ಮಾರ್ಟ್ ಮೀಟರು ಇಲ್ಲದೆ ಇದು ಆಗದ ಮಾತು. ನನ್ನ ಹೆಂಡತಿ ಬಟ್ಟೆ ಒಗೆಯುವ ಮೆಷಿನ್ನನ್ನು ರಾತ್ರಿ ಹತ್ತರ ಮೇಲೆ ಹಾಕುವುದು ಈ ಕಾರಣಕ್ಕೆ. ಕೆಳಗಿನ ಮನೆಯವರಿಗೆ ಅದರಿಂದ ಸಂತೋಷವಿಲ್ಲ, ಅದು ಬೇರೆ ಮಾತು.

ಹಾಗಾದರೆ ತಕರಾರು ಎಲ್ಲಿ? ಬಾಡಿಗೆ ಮನೆಯಿಂದ ಶುರುಮಾಡುತ್ತೇನೆ, ಏಕೆಂದರೆ ಇಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರೇ.

ಪೆಟಾಲಿಂಗ್ ಜಯಾದ ಕಾಂಡೋವೊಂದರಲ್ಲಿ ನಾವಿದ್ದಾಗ ಕರೆಂಟಿನ ಖಾತೆ ಮನೆಯೊಡತಿಯ ಹೆಸರಿನಲ್ಲಿತ್ತು. ಬಿಲ್ಲು ಅವರಿಗೆ ಬರುತ್ತದೆ, ಅವರು ವಾಟ್ಸಾಪ್ ಮಾಡುತ್ತಾರೆ, ನಾವು ದುಡ್ಡು ಹಾಕುತ್ತೇವೆ. ಇಲ್ಲಿ ಇದು ಸಾಮಾನ್ಯ ಪದ್ಧತಿ. ನಮ್ಮ ಅವ್ವ ಮೂರು ತಿಂಗಳಿಗೆಂದು ದಾವಣಗೆರೆಯಿಂದ ಬಂದಿದ್ದರು. ಮಲೇಷ್ಯಾದ ಸೆಖೆಗೆ ಮಧ್ಯಾಹ್ನ ಎರಡು ಗಂಟೆ ಏಸಿ ಹಾಕಿಕೊಂಡು ಮಲಗುತ್ತಿದ್ದರು. ವಾರ ಕಳೆದಿರಲಿಲ್ಲ, ಮನೆಯೊಡತಿಯ ಸಂದೇಶ ಬಂತು. ಮನೆಯಲ್ಲಿ ಈಗ ಎಷ್ಟು ಜನ ಇದ್ದೀರಿ? ಒಪ್ಪಂದದಲ್ಲಿ ನಾಲ್ಕು ಜನ ಅಂತ ಇದೆಯಲ್ಲ? ಜೊತೆಗೆ ಆ್ಯಪಿನ ಚಿತ್ರ, ಒಂದೊಂದು ದಿನಕ್ಕೆ ಒಂದೊಂದು ಕಂಬ, ಅವ್ವ ಬಂದ ದಿನದಿಂದ ಕಂಬಗಳು ಎತ್ತರವಾಗಿವೆ. ಆಕೆ ಕೆಟ್ಟವರಲ್ಲ. ಹಿಂದೊಬ್ಬ ಬಾಡಿಗೆದಾರ ಮನೆಯನ್ನು ಹತ್ತು ಜನಕ್ಕೆ ಒಳಬಾಡಿಗೆಗೆ ಕೊಟ್ಟು ಅವರನ್ನು ಸಂಕಟಕ್ಕೆ ಸಿಕ್ಕಿಸಿದ್ದನಂತೆ. ತಾಯಿ ಬಂದಿದ್ದಾರೆ ಎಂದು ಹೇಳಿದೆವು, ಸರಿ ಎಂದರು, ಮರುದಿನ ಹಣ್ಣು ಕಳಿಸಿದರು. ಆದರೂ ಅವ್ವ ಆಮೇಲೆ ಏಸಿ ಹಾಕುವುದನ್ನು ಬಿಟ್ಟರು. ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಯಾರೋ ನೋಡುತ್ತಾರೆ ಎಂದು ಗೊತ್ತಾದ ಮೇಲೆ ಫ್ಯಾನಿನ ಕೆಳಗೆ ಒದ್ದೆ ಟವೆಲ್ಲು ಹೊದ್ದು ಮಲಗುತ್ತಿದ್ದರು.

ಇಲ್ಲಿ ಕಾನೂನು ಮುರಿದವರು ಯಾರೂ ಇಲ್ಲ, ನೋಡಿ. ಕಂಪನಿ ತನ್ನ ಗ್ರಾಹಕರಿಗೆ ಅವರದೇ ಖಾತೆಯ ವಿವರ ತೋರಿಸಿತು. ಗ್ರಾಹಕರು ತಮ್ಮ ಆ್ಯಪನ್ನು ತಾವು ನೋಡಿದರು. ಆದರೆ ಗ್ರಾಹಕರು ಒಬ್ಬರು, ಅಳೆಯಲ್ಪಟ್ಟ ಬದುಕು ಇನ್ನೊಬ್ಬರದು. ಗ್ರಾಹಕರ ಖಾಸಗಿತನ ಕಾಪಾಡುತ್ತೇವೆ ಎಂದು ಎಲ್ಲ ವಿದ್ಯುತ್ ಕಂಪನಿಗಳೂ ಬರೆದುಕೊಳ್ಳುತ್ತವೆ. ಒಳಗೆ ಮಲಗಿದ್ದ ಅವ್ವ ಆ ವಾಕ್ಯದಲ್ಲಿ ಎಲ್ಲಿಯೂ ಬರುವುದಿಲ್ಲ. ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಹಿಂದಿನ ಪುಟ್ಟ ಕೋಣೆಯಲ್ಲಿರುವ ಇಂಡೋನೇಷ್ಯಾದ ಕೆಲಸದಾಕೆಯೂ ಬರುವುದಿಲ್ಲ.

ಕರೆಂಟಿನ ಗೆರೆಯಿಂದ ಏನೇನು ಓದಬಹುದು ಎಂಬುದು ಹೊಸ ಶೋಧವೇನೂ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಎಂಬ ಎಂಜಿನಿಯರು ಮನೆಯ ಹೊರಗಿನ ಮೀಟರಿನಲ್ಲಿ ಆಗುವ ಏರಿಳಿತವನ್ನು ನೋಡಿಯೇ ಒಳಗೆ ಫ್ರಿಜ್ ಶುರುವಾಯಿತೇ, ಹೀಟರ್ ನಿಂತಿತೇ ಎಂದು ಗುರುತಿಸುವ ವಿಧಾನ ರೂಪಿಸಿದರು. ಒಂದೊಂದು ಯಂತ್ರಕ್ಕೂ ಒಂದೊಂದು ಹೆಜ್ಜೆ ಗುರುತು. ಆ ವಿಧಾನದ ಬಗ್ಗೆ ಎಚ್ಚರಿಕೆ ಕೊಟ್ಟವರಲ್ಲಿ ಅವರೇ ಮೊದಲಿಗರು. ಇದು ಕಣ್ಗಾವಲಿಗೆ ಬಳಕೆಯಾಗಬಹುದು ಎಂದು 1989ರಲ್ಲೇ ಲೇಖನ ಬರೆದರು. 2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನ ಸಂಶೋಧಕರು ಎರಡು ಸೆಕೆಂಡಿಗೊಮ್ಮೆ ಅಳೆಯುವ ಮೀಟರಿನಿಂದ ಟಿವಿಯಲ್ಲಿ ಯಾವ ಕಾರ್ಯಕ್ರಮ ಓಡುತ್ತಿದೆ ಎಂದು ಹೇಳಬಹುದೆಂದು ತೋರಿಸಿದರು. ತೆರೆಯ ಬೆಳಕು ಹೆಚ್ಚುಕಡಿಮೆ ಆದಂತೆ ಕರೆಂಟೂ ಹೆಚ್ಚುಕಡಿಮೆ ಆಗುತ್ತದೆ, ಅಷ್ಟೇ. ನ್ಯಾಯವಾಗಿ ಹೇಳಬೇಕೆಂದರೆ ಅರ್ಧ ಗಂಟೆಯ ಅಂಕಿಯಿಂದ ಟಿವಿಯ ಕಾರ್ಯಕ್ರಮ ತಿಳಿಯದು, ಯಾವ ಯಂತ್ರ ಎಂದೂ ಬಹುಪಾಲು ತಿಳಿಯದು. ಆದರೆ ಮನೆ ಎಷ್ಟು ಗಂಟೆಗೆ ಎದ್ದಿತು, ಯಾವಾಗ ಬೀಗ ಬಿತ್ತು, ರಾತ್ರಿ ಮೂರಕ್ಕೆ ಯಾರು ಎಚ್ಚರವಿದ್ದರು, ಕಳೆದ ವಾರ ಊರಿಗೆ ಹೋಗಿದ್ದರೇ ಎಂಬುದಕ್ಕೆ ಅರ್ಧ ಗಂಟೆ ಬೇಕಾದಷ್ಟಾಯಿತು.

ಮಲೇಷ್ಯಾದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ರಂಜಾನ್ ತಿಂಗಳಿನಲ್ಲಿ ಉಪವಾಸ ಮಾಡುವ ಮನೆಗಳು ಬೆಳಗಿನ ಜಾವ ಸಹೂರ್ ಊಟಕ್ಕೆ ಏಳುತ್ತವೆ. ಕತ್ತಲಿರುವಾಗಲೇ ಅಡುಗೆಮನೆಯ ದೀಪ, ಅನ್ನದ ಕುಕ್ಕರು, ಕೆಟಲು. ತಿಂಗಳಿಡೀ ಆ ಹೊತ್ತಿನಲ್ಲಿ ಮನೆಯ ಗೆರೆ ಏರುತ್ತದೆ. ನಮ್ಮದೂ ಬೇರೆಯಲ್ಲ. ನರಕ ಚತುರ್ದಶಿಯ ಬೆಳಗ್ಗೆ ನಾಲ್ಕಕ್ಕೆ ಕಾಂಡೋದ ಹತ್ತನೆಯ ಮಹಡಿಯಲ್ಲಿ ಗೀಸರು ಉರಿದರೆ, ಆ ಮನೆಯಲ್ಲಿ ಎಣ್ಣೆಸ್ನಾನ ನಡೆದಿದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಮಲೇಷ್ಯಾದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 2010ರದು, ಧಾರ್ಮಿಕ ನಂಬಿಕೆಯನ್ನು ಮತ್ತು ಆರೋಗ್ಯದ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿಯ ಸಾಲಿನಲ್ಲಿ ಇಟ್ಟು ಅದಕ್ಕೆ ಹೆಚ್ಚಿನ ರಕ್ಷಣೆ ಕೊಡುತ್ತದೆ. ಯೂನಿಟ್ಟುಗಳ ಸಂಖ್ಯೆ ಆ ಸಾಲಿನಲ್ಲಿ ಇಲ್ಲ. ಇರಬೇಕು ಎಂದು ಯಾರಿಗೂ ಹೊಳೆಯುವುದೂ ಇಲ್ಲ. ಆದರೆ ಉಪವಾಸ ಮಾಡುವವರು ಯಾರು, ಮಾಡದವರು ಯಾರು, ರಾತ್ರಿಯೆಲ್ಲ ಉಸಿರಾಟದ ಯಂತ್ರ ಓಡಿಸುವವರು ಯಾರು ಎಂಬುದು ಅದರೊಳಗೆ ಮಡಿಚಿಕೊಂಡು ಕೂತಿರುತ್ತದೆ. ಹಾಗೆ ಯಾರಾದರೂ ಬಿಚ್ಚಿ ನೋಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬಿಚ್ಚಲು ಬರುವ ಹಾಗೆ ಮಡಿಚಿಟ್ಟಿದೆ ಎನ್ನುತ್ತಿದ್ದೇನೆ.

ಇದನ್ನೆಲ್ಲ ಗೆಳೆಯರ ನಡುವೆ ಹೇಳಿದರೆ ಬರುವ ಮಾತು ಗೊತ್ತೇ ಇದೆ. ಬಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ ಮಾರಾಯಾ? ನೋಡಿಕೊಳ್ಳಲಿ ಬಿಡು.

ಕನ್ನಡದಲ್ಲಿ ಒಂದು ಗಾದೆಯಿದೆ, ಸಂಸಾರ ಗುಟ್ಟು ವ್ಯಾಧಿ ರಟ್ಟು. ಇದನ್ನು ಸಾಮಾನ್ಯವಾಗಿ ಮನೆಯ ಜಗಳ ಬೀದಿಗೆ ತರಬೇಡ ಎಂಬ ಅರ್ಥದಲ್ಲಿ ಬಳಸುತ್ತೇವೆ. ನನಗೆ ಅದರಲ್ಲಿ ಅದಕ್ಕಿಂತ ಸೂಕ್ಷ್ಮವಾದ ಲೆಕ್ಕಾಚಾರ ಕಾಣುತ್ತದೆ. ಸಂಸಾರ ಗುಟ್ಟಾಗಿರಬೇಕು ಎಂದರೆ ಸಂಸಾರ ನಾಚಿಕೆಗೇಡು ಎಂದಲ್ಲ. ವ್ಯಾಧಿಯಾದರೂ ಹೆಮ್ಮೆಪಡುವ ಸಂಗತಿ ಏನಲ್ಲವಲ್ಲ, ಅದನ್ನು ಯಾಕೆ ರಟ್ಟು ಮಾಡಬೇಕು? ನೆರವು ಬರಲಿ ಎಂದು. ಯಾರಿಗೋ ಔಷಧಿ ಗೊತ್ತಿರುತ್ತದೆ, ಯಾರೋ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಗಾದೆ ಮಾಡಿದವರು ಒಳ್ಳೆಯದು ಕೆಟ್ಟದ್ದು ಎಂದು ವಿಂಗಡಿಸಲಿಲ್ಲ. ಯಾವ ಸುದ್ದಿ ಯಾರಿಗೆ ತಲುಪಿದರೆ ಯಾರಿಗೆ ಉಪಕಾರ ಎಂದು ವಿಂಗಡಿಸಿದರು. ಅಮೆರಿಕದ ಹೆಲೆನ್ ನಿಸೆನ್‌ಬಾಮ್ ಎಂಬ ತತ್ತ್ವಶಾಸ್ತ್ರಜ್ಞೆ ಖಾಸಗಿತನದ ಬಗ್ಗೆ ಬರೆದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತದೆ: ಮಾಹಿತಿ ಯಾವ ಸಂದರ್ಭದಲ್ಲಿ ಹುಟ್ಟಿತೋ ಆ ಸಂದರ್ಭದ ನಡಾವಳಿಗೆ ಒಪ್ಪುವ ಹಾಗೆ ಹರಿಯಬೇಕು. ವೈದ್ಯರಿಗೆ ಹೇಳಿದ್ದು ವೈದ್ಯರಿಗೆ, ಬ್ಯಾಂಕಿಗೆ ಹೇಳಿದ್ದು ಬ್ಯಾಂಕಿಗೆ.

ಖಾಸಗಿತನ ಎನ್ನುವ ಪದ ನಮಗೆ ಫಾರ್ಸಿಯ ಕಡೆಯಿಂದ ಬಂದದ್ದು. ಗೋಪ್ಯತೆ ಎಂದರೆ ಬಚ್ಚಿಡುವಿಕೆಯ ವಾಸನೆ. ಮಲಯ ಭಾಷೆಯಲ್ಲೂ ಗುಟ್ಟಿಗೆ ರಹ್ಸಿಯಾ ಎನ್ನುತ್ತಾರೆ, ನಮ್ಮ ರಹಸ್ಯವೇ ಅದು, ಸಮುದ್ರ ದಾಟಿ ಬಂದು ಇಲ್ಲಿಯವನಾಗಿದೆ. ನನಗೆ ಇವೆಲ್ಲಕ್ಕಿಂತ ಹತ್ತಿರದ್ದೆನಿಸುವುದು ಮರ್ಯಾದೆ. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ಗಡಿ ಎಂಬ ಅರ್ಥ. ಕನ್ನಡದಲ್ಲಿ ಗೌರವ ಎಂದಾಯಿತು. ಅವ್ವ ಏಸಿ ಆರಿಸಿದ್ದು ಗುಟ್ಟು ಬಯಲಾಯಿತು ಎಂದಲ್ಲ. ತಾವು ಬಂದಿರುವುದು ಗುಟ್ಟೇನೂ ಆಗಿರಲಿಲ್ಲ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಕನ್ನಡದಲ್ಲೇ ಮಾತಾಡಿಸಿ ಪರಿಚಯ ಮಾಡಿಕೊಂಡಿದ್ದರು. ಅವರು ಕಳೆದುಕೊಂಡದ್ದು ಬೇರೆ. ತಾನು ಮಲಗುವ ಹೊತ್ತಿಗೆ ಲೆಕ್ಕ ಕೊಡಬೇಕಾಗಿ ಬಂದದ್ದು ಅವರಿಗೆ ಎಲ್ಲೆ ದಾಟಿದ ಹಾಗೆ ಆಯಿತು.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: ಈ ಮಾಹಿತಿಯ ಮಾಲೀಕರು ಯಾರು, ಮನೆಯವರೋ ಕಂಪನಿಯೋ? ಈ ಪ್ರಶ್ನೆಯ ಮೇಲೆ ಬಹಳ ಶಾಯಿ ಖರ್ಚಾಗಿದೆ. ನನ್ನ ಮಟ್ಟಿಗೆ ಇದು ದಾರಿ ತಪ್ಪಿಸುವ ಪ್ರಶ್ನೆ, ಕಾರಣ ನನ್ನ ವೃತ್ತಿಯಲ್ಲೇ ಇದೆ. ಆಡಿಟ್ ಮಾಡುವಾಗ ನಾವು ತಯಾರಿಸುವ ವರ್ಕಿಂಗ್ ಪೇಪರುಗಳು ಆಡಿಟರನ ಆಸ್ತಿ, ಕಂಪನಿಯದಲ್ಲ. ನಮ್ಮ ಮಾನದಂಡಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಕಕ್ಷಿದಾರ ಕೇಳಿದರೂ ಕೊಡಲೇಬೇಕೆಂದಿಲ್ಲ. ಆದರೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯ ಮೊದಲ ಬಾಬತ್ತೇ ಏನೆನ್ನುತ್ತದೆ ಎಂದರೆ, ಕೆಲಸದ ನಡುವೆ ತಿಳಿದದ್ದನ್ನು ಕಕ್ಷಿದಾರನ ಒಪ್ಪಿಗೆಯಿಲ್ಲದೆ, ಕಾನೂನು ಕೇಳದೆ, ಹೊರಗಿನವರಿಗೆ ಹೇಳಿದರೆ ಅದು ವೃತ್ತಿದ್ರೋಹ. ಕಾಗದ ನನ್ನದು, ಬಾಯಿ ಬಿಡುವ ಹಕ್ಕು ನನ್ನದಲ್ಲ. ಮಾಲೀಕತ್ವ ಒಬ್ಬರ ಕೈಯಲ್ಲಿದ್ದು ಋಣ ಇನ್ನೊಬ್ಬರ ಕಡೆಗೆ ಇರಬಹುದು. ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಲೆಕ್ಕಿಗರು ಈ ವಿಚಿತ್ರ ಸ್ಥಿತಿಯಲ್ಲಿ ಬಾಳುತ್ತಿದ್ದೇವೆ, ಆಕಾಶ ಬಿದ್ದಿಲ್ಲ. ವಿದ್ಯುತ್ ಕಂಪನಿಗೂ ಇದೇ ಉಡುಪು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಮೀಟರು ನಿಮ್ಮದೇ ಇರಲಿ, ಸರ್ವರು ನಿಮ್ಮದೇ ಇರಲಿ. ಒಳಗೆ ಬಂದದ್ದು ಒಪ್ಪಿಸಿದ ಮಾತು.

ಒಪ್ಪಿಗೆ ತೆಗೆದುಕೊಂಡಿದ್ದೇವಲ್ಲ ಎಂದು ಅವರು ಹೇಳಬಹುದು. ಆ್ಯಪಿನಲ್ಲಿ ಚೌಕದೊಳಗೆ ಗುರುತು ಹಾಕಿದ್ದೀರಿ. ಹೌದು, ಹಾಕಿದ್ದೇವೆ. ಪರ್ಯಾಯದ್ವೀಪದಲ್ಲಿ ಮನೆಗೆ ತಂತಿ ಎಳೆಯುವ ಕಂಪನಿ ಒಂದೇ. ಬೇಡವೆಂದರೆ ಮೇಣದ ಬತ್ತಿ ಹಚ್ಚಿಕೊಳ್ಳಬೇಕು. ಬೇರೆ ಅಂಗಡಿಯೇ ಇಲ್ಲದ ಊರಿನಲ್ಲಿ ಗಿರಾಕಿ ಒಪ್ಪಿದ್ದಾನೆ ಎಂಬ ಮಾತಿಗೆ ಎಷ್ಟು ತೂಕ? ಆಡಿಟಿನಲ್ಲಿ ಖರ್ಚು ಆದ ಮೇಲೆ ವೋಚರಿಗೆ ಮ್ಯಾನೇಜರರ ಸಹಿ ಹಾಕಿಸಿ ತರುತ್ತಾರಲ್ಲ, ನನಗೆ ಅದು ನೆನಪಾಗುತ್ತದೆ. ಸಹಿ ಇದೆ, ಅನುಮತಿ ಇರಲಿಲ್ಲ.

ಆದ್ದರಿಂದ ಒಪ್ಪಿಗೆಗಿಂತ ಮೊದಲು ಕೇಳಬೇಕಾದ್ದು, ಇಷ್ಟೊಂದು ಅಂಕಿ ಯಾಕೆ ಬೇಕು ಎಂದು. ಒಂದೇ ದರವಿದ್ದರೆ ಬಿಲ್ಲಿಗೆ ಬೇಕಾದದ್ದು ತಿಂಗಳಿಗೆ ಒಂದು ಅಂಕಿ. ಹೊತ್ತಿಗೊಂದು ದರವಿದ್ದರೆ ಎರಡು, ದುಬಾರಿ ಹೊತ್ತಿನದೊಂದು, ಅಗ್ಗದ ಹೊತ್ತಿನದೊಂದು. ಉಳಿದ 1,438 ಬಿಲ್ಲಿಗೆ ಬೇಕಿಲ್ಲ. ಮೀಟರಿನ ಒಳಗೆ ಪುಟ್ಟ ಕಂಪ್ಯೂಟರೇ ಇರುವಾಗ ಕೂಡುವ ಕೆಲಸವನ್ನು ಅಲ್ಲೇ ಮಾಡಿ ಎರಡು ಮೊತ್ತವನ್ನು ಕಳಿಸಬಹುದು. ತಕರಾರು ಬಂದರೆ ವಿವರ ಮನೆಯ ಮೀಟರಿನಲ್ಲೇ ಇರುತ್ತದೆ, ಗ್ರಾಹಕರ ಎದುರಿಗೆ ತೆಗೆದು ನೋಡಬಹುದು. ಜರ್ಮನಿಯವರು ಮನೆಯೊಳಗಿನ ಗೇಟ್‌ವೇ ಪೆಟ್ಟಿಗೆಯಲ್ಲೇ ದರದ ಲೆಕ್ಕ ಮುಗಿಸುವ ವ್ಯವಸ್ಥೆಯನ್ನು ಕಲ್ಪಿಸಿದ್ದು ಇದೇ ಯೋಚನೆಯಿಂದ. ಬ್ರಿಟನ್ನಿನಲ್ಲಿ ಸ್ಮಾರ್ಟ್ ಮೀಟರು ಶುರುವಾದಾಗಿನ ನಿಯಮದಂತೆ ತಿಂಗಳ ಅಂಕಿ ಕಂಪನಿಗೆ ಹೋಗುತ್ತಿತ್ತು, ದಿನದ ಅಂಕಿ ಬೇಡ ಎನ್ನುವ ಹಕ್ಕು ಮನೆಯವರಿಗಿತ್ತು, ಅರ್ಧ ಗಂಟೆಯ ಅಂಕಿಗೆ ಮಾತ್ರ ಸ್ಪಷ್ಟವಾಗಿ ಹೂಂ ಎನ್ನಬೇಕಿತ್ತು. ಡಚ್ಚರು ಇನ್ನೂ ಹಟದವರು. ಎಲ್ಲರೂ ಸ್ಮಾರ್ಟ್ ಮೀಟರು ಹಾಕಿಸಿಕೊಳ್ಳಲೇಬೇಕು ಎಂಬ ಮಸೂದೆಗೆ 2009ರಲ್ಲಿ ಅವರ ಮೇಲ್ಮನೆ ಒಪ್ಪಲಿಲ್ಲ. ಕೊನೆಗೆ ಅದು ಐಚ್ಛಿಕವಾಯಿತು.

ಬಿಲ್ಲಿಗೆ ಬೇಡದಿದ್ದರೂ ಜಾಲ ನಡೆಸಲು ಬೇಕು ಎನ್ನುವುದು ಕಂಪನಿಯ ಮುಂದಿನ ಮಾತು, ಮತ್ತು ಅದು ನಿಜ. ಯಾವ ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಸಂಜೆ ಎಷ್ಟು ಹೊರೆ ಬೀಳುತ್ತದೆ, ಛಾವಣಿಯ ಸೌರಫಲಕಗಳಿಂದ ಮಧ್ಯಾಹ್ನ ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಗೊತ್ತಿರಬೇಕು. ಆದರೆ ಅದಕ್ಕೆ ಬೀದಿಯ ಮೊತ್ತ ಸಾಕು, ಮನೆಯ ಸಂಖ್ಯೆ ಬೇಡ. ಒಬ್ಬೊಬ್ಬರದು ತಿಳಿಯದೆ ಎಲ್ಲರದ್ದನ್ನೂ ಕೂಡುವುದು ಹೇಗೆ? ಇದು ಕೇಳಲು ಒಗಟು, ಮಾಡಲು ಸುಲಭ. ನಾವು ಐದು ಜನ ಗೆಳೆಯರು ಒಮ್ಮೆ ಬ್ರಿಕ್‌ಫೀಲ್ಡ್ಸಿನಲ್ಲಿ ದೋಸೆ ತಿನ್ನುತ್ತಾ ನಮ್ಮ ಸರಾಸರಿ ಸಂಬಳ ಕಂಡುಹಿಡಿಯಬೇಕೆಂದುಕೊಂಡೆವು, ಯಾರೂ ತಮ್ಮ ಸಂಬಳ ಹೇಳಲು ತಯಾರಿಲ್ಲ. ಮೊದಲನೆಯವನು ಮನಸ್ಸಿನಲ್ಲಿ ಒಂದು ದೊಡ್ಡ ಸಂಖ್ಯೆ ನೆನೆದು, ಅದಕ್ಕೆ ತನ್ನ ಸಂಬಳ ಕೂಡಿಸಿ, ಟಿಶ್ಯೂ ಕಾಗದದಲ್ಲಿ ಬರೆದು ಎರಡನೆಯವನಿಗೆ ಕೊಟ್ಟ. ಎರಡನೆಯವನು ತನ್ನದನ್ನು ಕೂಡಿಸಿ ಹೊಸ ಕಾಗದದಲ್ಲಿ ಬರೆದು ಮೂರನೆಯವನಿಗೆ. ಐದನೆಯವನಿಂದ ಕಾಗದ ಮರಳಿ ಬಂದಾಗ ಮೊದಲನೆಯವನು ತಾನು ನೆನೆದ ಸಂಖ್ಯೆಯನ್ನು ಕಳೆದ. ಉಳಿದದ್ದು ಐವರ ಮೊತ್ತ. ಯಾರ ಸಂಬಳವೂ ಯಾರಿಗೂ ತಿಳಿಯಲಿಲ್ಲ, ಅಕ್ಕಪಕ್ಕದ ಇಬ್ಬರು ಸೇರಿ ಒಳಸಂಚು ಮಾಡದಿದ್ದರೆ. ಮೀಟರುಗಳಿಗೂ ಇಂಥದ್ದೇ ಲೆಕ್ಕವನ್ನು, ಒಳಸಂಚನ್ನೂ ತಡೆಯುವ ಹಾಗೆ, ಗಣಿತಜ್ಞರು ಹೊಂದಿಸಿಟ್ಟಿದ್ದಾರೆ. ಇನ್ನು ಕೆಲವರು ಪ್ರತಿ ಅಂಕಿಗೂ ಸ್ವಲ್ಪ ಸುಳ್ಳು ಬೆರೆಸಿ ಕಳಿಸುವ ವಿಧಾನ ಹೇಳುತ್ತಾರೆ, ಸಾವಿರಾರು ಮನೆ ಕೂಡಿದಾಗ ಸುಳ್ಳುಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ. ಲೆಕ್ಕಿಗನಾಗಿ ಸುಳ್ಳು ಬೆರೆಸುವ ಮಾತು ಕೇಳಿದರೆ ಮೈ ಉರಿಯುತ್ತದೆ. ಬಿಲ್ಲಿಗೆ ಅದು ಕೂಡದು. ಯೋಜನೆಗೆ ಆಗಬಹುದು.

ಕಳ್ಳತನದ ವಿಚಾರ ಬಂದಾಗ ಮಾತ್ರ ನನ್ನ ಗೆಳೆಯರ ದನಿ ಏರುತ್ತದೆ, ಅದರಲ್ಲಿ ನ್ಯಾಯವಿದೆ. ಮಲೇಷ್ಯಾದಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಗೆ ಕದ್ದ ವಿದ್ಯುತ್ತಿನಿಂದ 2020ರಿಂದ 2025ರ ಆಗಸ್ಟಿನವರೆಗೆ ಟಿಎನ್‌ಬಿಗೆ ಆದ ನಷ್ಟ ಸುಮಾರು 460 ಕೋಟಿ ರಿಂಗಿಟ್, ಸಿಕ್ಕಿಬಿದ್ದ ಜಾಗಗಳು 13,827. ಬೋರ್ನಿಯೋದ ಮಿರಿ ಊರಿನಲ್ಲಿ 2021ರಲ್ಲಿ ಪೊಲೀಸರು 1,069 ಯಂತ್ರಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹರಿಸಿದ ವೀಡಿಯೊ ಲೋಕವೆಲ್ಲ ನೋಡಿತು. ಇಂಥ ಕಳ್ಳರನ್ನು ಹಿಡಿಯಲು ಮನೆಮನೆಯ ವಿವರ ಬೇಡವೇ? ಬೇಕು, ಆದರೆ ಕೊನೆಗೆ. ಕಳ್ಳ ಮೀಟರನ್ನು ತಪ್ಪಿಸಿ ತಂತಿ ಎಳೆದಿರುತ್ತಾನೆ, ಅವನ ಮೀಟರು ಸಭ್ಯವಾಗಿಯೇ ಕಾಣುತ್ತದೆ. ಅವನು ಸಿಗುವುದು ಟ್ರಾನ್ಸ್‌ಫಾರ್ಮರಿನಿಂದ ಹೊರಟದ್ದಕ್ಕೂ ಮನೆಗಳ ಮೊತ್ತಕ್ಕೂ ತಾಳೆ ಬೀಳದಾಗ. ನಾವು ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡುವುದೂ ಹೀಗೆಯೇ. ಮೊದಲು ಮೊತ್ತ ತಾಳೆ ನೋಡುತ್ತೇವೆ, ತಾಳೆಯಾದರೆ ಚೆಕ್ಕುಗಳನ್ನು ಒಂದೊಂದಾಗಿ ಎತ್ತಿ ನೋಡುವುದಿಲ್ಲ. ವ್ಯತ್ಯಾಸ ಬಂದಲ್ಲಿ ಮಾತ್ರ ಒಳಗೆ ಇಳಿಯುತ್ತೇವೆ, ಇಳಿದವರ ಸಹಿ ಫೈಲಿನಲ್ಲಿ ಉಳಿಯುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್ ನಗರದ ಮೊಕದ್ದಮೆಯಲ್ಲಿ 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇದಕ್ಕೆ ದೂರವಿಲ್ಲ. ನಗರಾಡಳಿತ 15 ನಿಮಿಷಕ್ಕೊಮ್ಮೆ ಅಂಕಿ ತೆಗೆದುಕೊಳ್ಳುವುದು ಮನೆಯ ಶೋಧನೆಯೇ ಎಂದಿತು. ಅಪರಾಧ ಹುಡುಕುವ ಉದ್ದೇಶವಿಲ್ಲದೆ ಮಾಡಿದ್ದರಿಂದ ಅದು ಸಮಂಜಸ ಎಂದೂ ಹೇಳಿತು, ಅಂಕಿಗಳು ಪೊಲೀಸರಿಗೆ ಸಲೀಸಾಗಿ ಸಿಗುವಂತಿದ್ದರೆ ಮಾತು ಬೇರೆಯಾಗಬಹುದು ಎಂದೂ ಸೇರಿಸಿತು.

ಮಲೇಷ್ಯಾದ ಕಾಯ್ದೆ ಜಾರಿಗೆ ಬಂದದ್ದು 2013ರ ನವೆಂಬರಿನಲ್ಲಿ. 2024ರ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು, ಮಾಹಿತಿ ಸೋರಿದರೆ ತಿಳಿಸಲೇಬೇಕು, ದಂಡವೂ ಹೆಚ್ಚಿತು. ಒಂದು ಬಾಗಿಲು ಮಾತ್ರ ಮೊದಲಿನಿಂದ ತೆರೆದೇ ಇದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಂಪನಿಯ ಕೈಯಲ್ಲಿದ್ದಾಗ ನಿಯಮದ ಬೇಲಿ, ಸರ್ಕಾರದ ಕೈಗೆ ಹೋದ ಮೇಲೆ ಆ ಬೇಲಿ ಇಲ್ಲ.

ಊರಿನ ಕಡೆ ನೋಡಿದರೆ ಅಲ್ಲಿ ಕಥೆ ಬೇರೆ ತುದಿಯಿಂದ ಶುರುವಾಗಿದೆ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಮಾಡಿದಾಗ ಕರ್ನಾಟಕದಲ್ಲಿ ನಡೆದ ಜಗಳವೆಲ್ಲ ಮೀಟರಿನ ಬೆಲೆಯದು, ಟೆಂಡರಿನದು. ಅದು ಮುಖ್ಯವಲ್ಲ ಎನ್ನಲಾರೆ, ಲೆಕ್ಕಿಗ ಹಾಗೆ ಹೇಳಬಾರದು. ಆದರೆ ಒಳಗೆ ಬರೆದಿಡುವ ಅಂಕಿಗಳ ಬಗ್ಗೆ ಪತ್ರಿಕೆಗಳಲ್ಲಿ ನಾನು ಓದಿದ್ದು ಬಹಳ ಕಡಿಮೆ. 2023ರ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನವರೆಗಿನ ಉಚಿತ ವಿದ್ಯುತ್ತಿಗೆ ಬಾಡಿಗೆದಾರರೂ ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ಖಾತೆಗೆ ಜೋಡಿಸಿದರು. ಬಾಡಿಗೆದಾರನನ್ನು ಲೆಕ್ಕಕ್ಕೆ ಹಿಡಿದದ್ದು ಒಳ್ಳೆಯದೇ, ನಮ್ಮ ಪೆಟಾಲಿಂಗ್ ಜಯಾದ ಮನೆಯಲ್ಲಿ ನಾವು ಲೆಕ್ಕಕ್ಕೇ ಇರಲಿಲ್ಲವಲ್ಲ. ಈಗ ಅದೇ ಖಾತೆಗೆ ಅರ್ಧ ಗಂಟೆಯ ಅಂಕಿಗಳು ಸೇರಿದರೆ ಯಾವ ಮನೆಯಲ್ಲಿ, ಯಾವ ಸಂಖ್ಯೆಯ ವ್ಯಕ್ತಿ, ಎಷ್ಟು ಗಂಟೆಗೆ ಎದ್ದರು ಎಂದು ಒಂದೇ ಸಾಲಿನಲ್ಲಿ ಓದಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಪ್ರಕರಣ ನಮ್ಮ ರಾಜ್ಯದವರ ಹೆಸರಿನಲ್ಲೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆ ಅರ್ಜಿ ಹಾಕಿದ್ದು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ. ಆ ವಯಸ್ಸಿನಲ್ಲಿ ತನಗಾಗಿ ಬಚ್ಚಿಡುವುದು ಅವರಿಗೆ ಏನಿದ್ದೀತು?

ಇಷ್ಟೆಲ್ಲ ಹೇಳಿದವನು ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಲಾರೆ, ಅದು ಅವ್ವನ ವಿಷಯದಲ್ಲೇ. ಅಪ್ಪ ಹೋದ ಮೇಲೆ ದಾವಣಗೆರೆಯ ಮನೆಯಲ್ಲಿ ಅವರೊಬ್ಬರೇ. ಬೆಂಗಳೂರಿನಲ್ಲಿರುವ ತಮ್ಮ ಒಂದು ದಿನ ಹೇಳಿದ: ಅಣ್ಣಾ, ಮೇನ್ ಬೋರ್ಡಿಗೆ ಒಂದು ಸಾಧನ ಹಾಕಿಸೋಣ, ಬೆಳಗ್ಗೆ ಮೋಟರು, ಮಿಕ್ಸಿ ಓಡಿದರೆ ನಮ್ಮ ಫೋನಿಗೆ ಗೊತ್ತಾಗುತ್ತೆ, ಓಡದಿದ್ದರೆ ಏನೋ ಆಗಿದೆ ಅಂತ. ಜಪಾನಿನಲ್ಲಿ ಇದು ಹಳೆಯ ವ್ಯಾಪಾರ. ಒಂಟಿ ವೃದ್ಧರು ಬಿಸಿನೀರಿನ ಕೆಟಲ್ ಬಳಸಿದರೆ ಮಕ್ಕಳಿಗೆ ಸಂದೇಶ ಹೋಗುವ ಸಾಧನವನ್ನು ಜೋಜಿರುಶಿ ಕಂಪನಿ 2001ರಲ್ಲೇ ಮಾರಿತು. ಈಗ ಮೀಟರಿನ ಅಂಕಿಗಳಿಂದಲೇ ಆ ಕೆಲಸ ಮಾಡುವ ಸೇವೆಗಳಿವೆ. ಹೊರದೇಶದಲ್ಲಿರುವ ಯಾವ ಮಗ, ಯಾವ ಮಗಳು ಇದು ಬೇಡ ಎಂದಾರು? ರಾತ್ರಿ ಎರಡಕ್ಕೆ ಊರಿನ ನಂಬರಿನಿಂದ ಫೋನು ಬಂದಾಗ ಎದೆ ಧಸಕ್ ಎನ್ನುವುದು ನಮಗೆಲ್ಲ ಗೊತ್ತು. ಗಾದೆಯ ಎರಡನೆಯ ಅರ್ಧ ಇದೇ ಅಲ್ಲವೇ, ವ್ಯಾಧಿ ರಟ್ಟಾಗಬೇಕು.

ತಮ್ಮ ಅವ್ವನಿಗೆ ಫೋನಿನಲ್ಲಿ ವಿವರಿಸಿದ. ನಾನೂ ಲೈನಿನಲ್ಲಿದ್ದೆ.

"ನಾ ಎಷ್ಟೊತ್ತಿಗೆ ಎದ್ದೆ, ಎಷ್ಟೊತ್ತಿಗೆ ಮಲಗಿದೆ ಅಂತ ನಿಮಗ್ಯಾಕಪ್ಪ ಬೇಕು? ಆ ಮಲೇಷ್ಯಾದ ಅಮ್ಮನಂಗೆ ನೀವೂ ಶುರು ಹಚ್ಚಿಕೊಂಡ್ರಾ?" ಎಂದರು.

ಬಹಳ ಹೊತ್ತು ಮಾತಾಯಿತು. ಕೊನೆಗೆ ಅವ್ವ ತಾವೇ ಒಂದು ಷರತ್ತು ಹಾಕಿದರು. ಬೆಳಗ್ಗೆ ಹತ್ತು ಗಂಟೆಯಾದರೂ ಮನೆಯಲ್ಲಿ ಏನೂ ಓಡಿಲ್ಲ ಅಂದರೆ ಒಂದು ಸುದ್ದಿ ಹೋಗಲಿ. ಅದೂ ನಮಗಲ್ಲ, ಪಕ್ಕದ ಮನೆಯವರಿಗೆ. ಅವರ ಹತ್ತಿರ ಬೀಗದ ಕೈ ಇದೆ, ಎರಡು ನಿಮಿಷಕ್ಕೆ ಬಂದು ನೋಡುತ್ತಾರೆ, ನೀವು ಕೌಲಾಲಂಪುರದಲ್ಲಿ ಕೂತು ಏನು ಮಾಡ್ತೀರಿ? ಓಡಿದ್ದರೆ ಯಾರಿಗೂ ಏನೂ ಹೋಗಬಾರದು.

ದಿನಕ್ಕೆ ಒಂದು ಅಂಕಿಯೂ ಬೇಡ, ಹೌದು ಅಥವಾ ಇಲ್ಲ, ಅದೂ ಇಲ್ಲ ಎಂದಾಗ ಮಾತ್ರ. ತಮ್ಮ ಅಂಥ ಸಾಧನ ಹುಡುಕುತ್ತಿದ್ದಾನೆ. ಅವನು ಇದುವರೆಗೆ ನೋಡಿದವೆಲ್ಲ ಇಡೀ ಗೆರೆಯನ್ನು ಆ್ಯಪಿಗೆ ಕಳಿಸುವಂಥವೇ. ಅಂಗಡಿಯವನು, ಇನ್ನೂ ಜಾಸ್ತಿ ತೋರಿಸೋದು ಬೇಕಾದರೆ ಇದೆ ಸರ್, ಕಡಿಮೆ ತೋರಿಸೋದು ಬಂದಿಲ್ಲ ಎಂದನಂತೆ.